ಫುಟ್‌ಬಾಲ್ ಪಂದ್ಯದಿಂದ ಪಹಣಿಯವರೆಗೆ: ಮೇಜಿನ ಮೇಲಿನ ಮಾಹಿತಿ ಕೋಶದ ಕಥೆ

ಬ್ಯಾಂಕಿನ ಖಾತೆ, ಪಡಿತರ ಚೀಟಿ, ಗ್ರಂಥಾಲಯದ ಪುಸ್ತಕ, ಜಮೀನಿನ ಪಹಣಿ ಇವೆಲ್ಲವೂ ಇಂದು ಯಾವುದೋ ಒಂದು ಕಂಪ್ಯೂಟರಿನಲ್ಲಿ ಸಾಲು ಸಾಲಾಗಿ ಕುಳಿತಿವೆ. ಆ ಸಾಲಿನಲ್ಲಿ ಹೆಸರಿನ ಒಂದು ಅಕ್ಷರ ತಪ್ಪಿದರೆ ಅಥವಾ ಒಂದೇ ಸಂಗತಿ ಎರಡು ಕಡೆ ಎರಡು ಬಗೆಯಾಗಿ ದಾಖಲಾದರೆ ಅದರ ಬಿಸಿ ತಟ್ಟುವುದು ಯಂತ್ರಕ್ಕಲ್ಲ, ಕೌಂಟರಿನ ಹೊರಗೆ ನಿಂತವರಿಗೆ. ಇಂತಹ ತಪ್ಪುಗಳನ್ನು ತಡೆಯಲು ಪ್ರೋಗ್ರಾಂ ಬರೆಯುವವರು ಕಳೆದ ಐದು ದಶಕಗಳಲ್ಲಿ ಕೆಲವು ಕಟ್ಟುಪಾಡುಗಳನ್ನು ರೂಢಿಸಿಕೊಂಡಿದ್ದಾರೆ. ದೊಡ್ಡ ಸಂಸ್ಥೆಗಳ ಹವಾನಿಯಂತ್ರಿತ ಕೋಣೆಯಲ್ಲಿದ್ದ ಈ ವಿದ್ಯೆ ಸಾಮಾನ್ಯ ಕಚೇರಿಯ ಮೇಜಿನ ಮೇಲೆ ಬಂದದ್ದು ಹೇಗೆ ಎಂಬುದು ಸ್ವಾರಸ್ಯದ ಇತಿಹಾಸ. ಅಲ್ಲಿ ಉಪಕರಣಗಳು ಒಂದರ ಹಿಂದೊಂದು ಮರೆಯಾದವು, ಕಟ್ಟುಪಾಡುಗಳು ಉಳಿದವು.

ಇದರ ತಾತ್ವಿಕ ತಳಹದಿ ಹಾಕಿದವರು ಇಂಗ್ಲೆಂಡಿನಲ್ಲಿ ಜನಿಸಿ ಅಮೆರಿಕದಲ್ಲಿ ನೆಲೆಸಿದ ಗಣಿತಜ್ಞ ಎಡ್ಗರ್ ಕಾಡ್. ಐಬಿಎಂ ಸಂಸ್ಥೆಯ ಸ್ಯಾನ್ ಹೋಸೆ ಪ್ರಯೋಗಾಲಯದಲ್ಲಿದ್ದ ಅವರು 1970ರ ಜೂನ್‌ನಲ್ಲಿ ಒಂದು ಪ್ರಬಂಧ ಪ್ರಕಟಿಸಿದರು. ಅಲ್ಲಿಯವರೆಗೆ ಕಂಪ್ಯೂಟರಿನಿಂದ ಒಂದು ಮಾಹಿತಿ ಪಡೆಯಬೇಕಾದರೆ ಅದು ಯಂತ್ರದೊಳಗೆ ಎಲ್ಲಿದೆ, ಯಾವ ದಾರಿಯಲ್ಲಿ ಹೋದರೆ ಸಿಗುತ್ತದೆ ಎಂಬುದನ್ನು ಪ್ರೋಗ್ರಾಂ ಬರೆಯುವವರು ತಿಳಿದಿರಬೇಕಿತ್ತು. ದಾರಿ ಬದಲಾದರೆ ಪ್ರೋಗ್ರಾಮನ್ನೇ ತಿದ್ದಬೇಕು. ಕಾಡ್ ಹೇಳಿದ್ದು ಸರಳವಾಗಿತ್ತು: ಮಾಹಿತಿಯನ್ನು ಕೋಷ್ಟಕಗಳಲ್ಲಿ ಇಡಿ, ಬಳಸುವವರು ತಮಗೆ ಏನು ಬೇಕೆಂದು ಕೇಳಲಿ, ಅದು ಎಲ್ಲಿದೆ ಎಂದು ಹುಡುಕುವ ಕೆಲಸ ಯಂತ್ರದ್ದಾಗಲಿ. ಈ ವಿಚಾರಕ್ಕಾಗಿ ಅವರಿಗೆ 1981ರಲ್ಲಿ ಟ್ಯೂರಿಂಗ್ ಪ್ರಶಸ್ತಿ ದೊರೆಯಿತು.

ಕಾಡ್ ಅವರ ಸಿದ್ಧಾಂತದಿಂದ ಹುಟ್ಟಿದ ಮೊದಲ ಕಟ್ಟುಪಾಡನ್ನು ನಮ್ಮ ಹಳ್ಳಿಯ ಸಹಕಾರ ಸಂಘದ ಲೆಕ್ಕದಿಂದಲೇ ಅರ್ಥ ಮಾಡಿಕೊಳ್ಳಬಹುದು. ಒಬ್ಬ ಸದಸ್ಯ ಐದು ಬಾರಿ ಸಾಲ ಪಡೆದಿದ್ದಾನೆ ಎನ್ನೋಣ. ಪ್ರತಿ ಸಾಲದ ಸಾಲಿನಲ್ಲೂ ಅವನ ಹೆಸರು, ವಿಳಾಸ ಬರೆಯುತ್ತಾ ಹೋದರೆ, ಅವನು ಮನೆ ಬದಲಿಸಿದಾಗ ಐದು ಕಡೆ ತಿದ್ದಬೇಕು. ನಾಲ್ಕು ಕಡೆ ತಿದ್ದಿ ಒಂದು ಕಡೆ ಮರೆತರೆ ನೋಟಿಸು ಹಳೆಯ ಮನೆಗೆ ಹೋಗುತ್ತದೆ. ಆದ್ದರಿಂದ ಸದಸ್ಯರಿಗೆ ಒಂದು ಕೋಷ್ಟಕ, ಸಾಲಗಳಿಗೆ ಇನ್ನೊಂದು. ಸದಸ್ಯನಿಗೆ ಒಂದು ಸಂಖ್ಯೆ. ಸಾಲದ ಸಾಲಿನಲ್ಲಿ ಆ ಸಂಖ್ಯೆ ಮಾತ್ರ. ಒಂದು ಸಂಗತಿ ಒಂದೇ ಕಡೆ ಇರಬೇಕು ಎಂಬುದೇ ಸೂತ್ರ. ಹೆಸರನ್ನೇ ಗುರುತಾಗಿ ಬಳಸದೆ ಸಂಖ್ಯೆ ಏಕೆ? ಒಂದೇ ಊರಿನಲ್ಲಿ ಮೂವರು ಬಸಪ್ಪಂದಿರು ಇರುತ್ತಾರೆ. ಒಂದೇ ಸಂಖ್ಯೆಯವರು ಇಬ್ಬರು ಇರಲಾರರು.

ಈ ವಿಚಾರಗಳು ಮೊದಲು ದೊಡ್ಡ ಯಂತ್ರಗಳಿಗೆ ಸೀಮಿತವಾಗಿದ್ದವು. ಅವುಗಳ ಸರಳ ರೂಪವೊಂದನ್ನು ಪುಟ್ಟ ಯಂತ್ರಕ್ಕೆ ಇಳಿಸಿದ ಕಥೆ ಒಂದು ಆಟದಿಂದ ಶುರುವಾಗುತ್ತದೆ. ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಬಾಹ್ಯಾಕಾಶ ಸಂಶೋಧನೆಗೆ ಹೆಸರಾದ ಜೆಟ್ ಪ್ರೊಪಲ್ಷನ್ ಲ್ಯಾಬೊರೇಟರಿಯಲ್ಲಿ ಕೆಲಸ ಮಾಡುತ್ತಿದ್ದ ವೇಯ್ನ್ ರಾಟ್‌ಲಿಫ್ ಅವರಿಗೆ ಕಚೇರಿಯ ಗೆಳೆಯರು ಅಮೆರಿಕನ್ ಫುಟ್‌ಬಾಲ್ ಪಂದ್ಯಗಳ ಮೇಲೆ ಕಟ್ಟುತ್ತಿದ್ದ ಪಣ ಗೆಲ್ಲಬೇಕಿತ್ತು. ಪತ್ರಿಕೆಗಳಲ್ಲಿ ಬರುವ ಅಂಕಿಅಂಶಗಳನ್ನು ಕೈಯಲ್ಲಿ ಜೋಡಿಸುವುದು ಕಷ್ಟವೆನಿಸಿ, 1978ರಲ್ಲಿ ತಾವೇ ಜೋಡಿಸಿಕೊಂಡ ಚಿಕ್ಕ ಕಂಪ್ಯೂಟರಿಗೆ ಅವರು ಒಂದು ಪ್ರೋಗ್ರಾಂ ಬರೆಯತೊಡಗಿದರು. ಪ್ರಯೋಗಾಲಯದ ದೊಡ್ಡ ಯಂತ್ರದಲ್ಲಿದ್ದ 'ಜೆಪಿಎಲ್‌ಡಿಸ್' ಎಂಬ ವ್ಯವಸ್ಥೆಯೇ ಅವರಿಗೆ ಮಾದರಿ. ಟಿವಿ ಧಾರಾವಾಹಿ 'ಸ್ಟಾರ್ ಟ್ರೆಕ್'ನ ಪ್ರಭಾವದಿಂದ ತಮ್ಮ ಕೃತಿಗೆ 'ವಲ್ಕನ್' ಎಂದು ಹೆಸರಿಟ್ಟರು.

ವಲ್ಕನ್ ಹೆಚ್ಚು ಮಾರಾಟವಾಗಲಿಲ್ಲ. ಆಗ ಜಾರ್ಜ್ ಟೇಟ್ ಎಂಬ ವ್ಯಾಪಾರಿ ಅದನ್ನು ಕೈಗೆತ್ತಿಕೊಂಡು 'ಡಿಬೇಸ್-2' ಎಂದು ಮಾರತೊಡಗಿದರು. ಡಿಬೇಸ್-1 ಎಂಬುದು ಇರಲೇ ಇಲ್ಲ; ಎರಡು ಎಂದರೆ ಪಳಗಿದ ಸರಕು ಎಂಬ ಭಾವನೆ ಬರಲಿ ಎಂಬುದು ಲೆಕ್ಕಾಚಾರ. ಕಂಪನಿಯ ಹೆಸರು 'ಆಷ್ಟನ್-ಟೇಟ್'. ಅದರಲ್ಲಿ ಆಷ್ಟನ್ ಎಂಬ ಪಾಲುದಾರರೂ ಇರಲಿಲ್ಲ. 695 ಡಾಲರ್ ಬೆಲೆಯ ಈ ಪ್ರೋಗ್ರಾಂ, 1981ರಲ್ಲಿ ಬಂದ ಐಬಿಎಂ ಪಿಸಿಗೂ ಹೊಂದಿಕೊಂಡ ಮೇಲೆ ಸಣ್ಣ ವ್ಯಾಪಾರಗಳ, ಕಚೇರಿಗಳ ಅಚ್ಚುಮೆಚ್ಚಿನದಾಯಿತು. 1984ರಲ್ಲಿ ಡಿಬೇಸ್-3 ಬಂದಿತು. ಅದರ ದಾರಿಯಲ್ಲೇ ಕ್ಲಿಪ್ಪರ್, ಫಾಕ್ಸ್‌ಬೇಸ್, ಫಾಕ್ಸ್‌ಪ್ರೊಗಳು ಬಂದವು. ಪರದೆಯ ಮೇಲೆ ಒಂದು ಚುಕ್ಕಿ, ಅದರ ಮುಂದೆ ಆಜ್ಞೆ ಟೈಪ್ ಮಾಡಬೇಕು, ಅಷ್ಟೇ. ಎಂಜಿನಿಯರಿಂಗ್ ಓದದ ಸಾವಿರಾರು ಮಂದಿ ಈ ಚುಕ್ಕಿಯ ಮುಂದೆ ಕುಳಿತು ಪ್ರೋಗ್ರಾಂ ಬರೆಯುವುದನ್ನು ಕಲಿತರು.

ಹಾಗೆ ಕಲಿತವರು ರೂಢಿಸಿಕೊಂಡ ಉಪಾಯಗಳಲ್ಲಿ ಹಲವು ಹಳೆಯ ಗುಮಾಸ್ತರ ಶಿಸ್ತನ್ನೇ ಹೋಲುತ್ತವೆ. ಲೆಡ್ಜರಿನಲ್ಲಿ ತಪ್ಪು ಬರೆದರೆ ಅದನ್ನು ಅಳಿಸುವಂತಿಲ್ಲ, ಗೆರೆ ಎಳೆದು ಪಕ್ಕದಲ್ಲಿ ಸಹಿ ಹಾಕಬೇಕು. ಡಿಬೇಸ್‌ನಲ್ಲೂ 'ಡಿಲೀಟ್' ಎಂದರೆ ಸಾಲು ಮಾಯವಾಗುತ್ತಿರಲಿಲ್ಲ. ಅದರ ಮುಂದೆ ನಕ್ಷತ್ರದ ಗುರುತು ಬೀಳುತ್ತಿತ್ತು. 'ರೀಕಾಲ್' ಎಂದರೆ ಅದು ಮರಳಿ ಬರುತ್ತಿತ್ತು. 'ಪ್ಯಾಕ್' ಎಂದ ಮೇಲಷ್ಟೇ ನಿಜವಾಗಿ ಹೋಗುತ್ತಿತ್ತು. ಪ್ಯಾಕ್ ಮಾಡುವ ಮೊದಲು ಫ್ಲಾಪಿಯಲ್ಲಿ ಒಂದು ಪ್ರತಿ ಇಟ್ಟುಕೊಳ್ಳುವುದು ಜಾಣರ ಕ್ರಮವಾಗಿತ್ತು.

ಎರಡನೆಯದು ಸೂಚಿ. ದಪ್ಪ ಪುಸ್ತಕದ ಕೊನೆಯಲ್ಲಿ ಅಕಾರಾದಿ ಸೂಚಿ ಇರುವಂತೆ ಕೋಷ್ಟಕಕ್ಕೂ ಒಂದು ಪ್ರತ್ಯೇಕ ಸೂಚಿ ಕಡತ. ಅದು ಮರದ ಕವಲುಗಳಂತೆ ಹರಡಿರುತ್ತದೆ. ಪ್ರತಿ ಕವಲಿನಲ್ಲಿ 100 ದಾರಿಗಳಿದ್ದರೆ ಮೂರೇ ಹೆಜ್ಜೆಯಲ್ಲಿ 10 ಲಕ್ಷ ಸಾಲುಗಳ ಪೈಕಿ ಬೇಕಾದ ಒಂದನ್ನು ತಲುಪಬಹುದು. ಆದರೆ ಸೂಚಿ ಹೆಚ್ಚಾದಷ್ಟೂ ಪ್ರತಿ ಹೊಸ ಸಾಲಿನ ಜೊತೆ ಅವನ್ನೆಲ್ಲ ತಿದ್ದಬೇಕು. ನಡುವೆ ಕರೆಂಟು ಹೋದರೆ ಕೋಷ್ಟಕ ಒಂದು ಹೇಳುತ್ತದೆ, ಸೂಚಿ ಇನ್ನೊಂದು ಹೇಳುತ್ತದೆ. ಆಗ ಸೂಚಿಯನ್ನು ಹೊಸದಾಗಿ ಕಟ್ಟುವುದೇ ಉಪಾಯ.

ಮೂರನೆಯದು ಬೀಗ. ಒಂದೇ ಮೇಜಿನ ಯಂತ್ರವಿದ್ದಾಗ ತೊಂದರೆ ಇರಲಿಲ್ಲ. ಯಂತ್ರಗಳನ್ನು ತಂತಿಯಿಂದ ಜೋಡಿಸಿದಾಗ ಇಬ್ಬರು ಗುಮಾಸ್ತರು ಒಂದೇ ಸಾಲನ್ನು ಒಂದೇ ಸಮಯಕ್ಕೆ ತೆರೆದು, ನಂತರ ಉಳಿಸಿದವರ ಬರಹವೇ ಮೊದಲಿನವರದನ್ನು ಅಳಿಸುವ ಅಪಾಯ ಎದುರಾಯಿತು. ಒಬ್ಬರು ತಿದ್ದುತ್ತಿರುವಾಗ ಆ ಒಂದು ಸಾಲಿಗೆ ಬೀಗ ಹಾಕುವುದು ಇದಕ್ಕೆ ಪರಿಹಾರ. ಇಡೀ ಕಡತಕ್ಕೆ ಹಾಕಿದರೆ ಉಳಿದವರೆಲ್ಲ ಕೈಕಟ್ಟಿ ಕೂರಬೇಕಾಗುತ್ತದೆ. ಇದರ ಜೊತೆಗೇ ಬರುವುದು 'ವಹಿವಾಟು' ಎಂಬ ಕಲ್ಪನೆ: ಒಂದು ಖಾತೆಯಿಂದ ಹಣ ಕಳೆದು ಇನ್ನೊಂದಕ್ಕೆ ಕೂಡಿಸುವಾಗ ಎರಡೂ ಆಗಬೇಕು, ಇಲ್ಲವೇ ಎರಡೂ ಆಗಬಾರದು. ಇದನ್ನು ಶಾಸ್ತ್ರೀಯವಾಗಿ ರೂಪಿಸಿದ ಜಿಮ್ ಗ್ರೇ ಅವರಿಗೆ 1998ರ ಟ್ಯೂರಿಂಗ್ ಪ್ರಶಸ್ತಿ ಸಂದಿತು. ಆರಂಭದ ಡಿಬೇಸ್‌ಗಳಲ್ಲಿ ಈ ಸೌಲಭ್ಯ ಇರಲಿಲ್ಲ. ಪ್ರೋಗ್ರಾಂ ಬರೆಯುವವರೇ ಅದಕ್ಕೆ ಎಚ್ಚರ ವಹಿಸಬೇಕಿತ್ತು.

ದಾಖಲೆ ಇಡುವ ಉಪಕರಣದ ಒಡೆತನವೇ ವ್ಯಾಜ್ಯಕ್ಕೆ ಸಿಲುಕಿದ್ದು ವಿಧಿಯ ವ್ಯಂಗ್ಯ. 1988ರಲ್ಲಿ ಆಷ್ಟನ್-ಟೇಟ್ ಕಂಪನಿ ಫಾಕ್ಸ್ ಸಾಫ್ಟ್‌ವೇರ್ ಮೇಲೆ ಕೃತಿಸ್ವಾಮ್ಯದ ಮೊಕದ್ದಮೆ ಹೂಡಿತು. 1990ರ ಡಿಸೆಂಬರ್‌ನಲ್ಲಿ ನ್ಯಾಯಾಲಯ, ಡಿಬೇಸ್‌ನ ಮೂಲ ಜೆಪಿಎಲ್‌ಡಿಸ್‌ನಲ್ಲಿದೆ ಎಂಬುದನ್ನು ಕಂಪನಿ ಮುಚ್ಚಿಟ್ಟಿತ್ತೆಂದು ಅದರ ಕೃತಿಸ್ವಾಮ್ಯವನ್ನೇ ಅಮಾನ್ಯ ಮಾಡಿತು. ಕೆಲವೇ ತಿಂಗಳಲ್ಲಿ ಆ ಆದೇಶವನ್ನು ಹಿಂತೆಗೆದುಕೊಂಡರೂ ಕಂಪನಿ ಚೇತರಿಸಿಕೊಳ್ಳಲಿಲ್ಲ. 1988ರ ಡಿಬೇಸ್-4ರಲ್ಲಿದ್ದ ದೋಷಗಳಿಂದ ಬಳಕೆದಾರರು ಆಗಲೇ ಬೇಸತ್ತಿದ್ದರು. 1991ರಲ್ಲಿ ಬೋರ್ಲ್ಯಾಂಡ್ ಅದನ್ನು ಕೊಂಡಿತು. ಮರುವರ್ಷ ಮೈಕ್ರೋಸಾಫ್ಟ್ ಸಂಸ್ಥೆ ಫಾಕ್ಸ್ ಕಂಪನಿಯನ್ನು ಕೊಂಡು, ಅದೇ ವರ್ಷ ತನ್ನದೇ 'ಆಕ್ಸೆಸ್' ಅನ್ನೂ ಹೊರತಂದಿತು. ಫಾಕ್ಸ್‌ಪ್ರೊಗೆ ಹೊಸ ಆವೃತ್ತಿ ಇಲ್ಲವೆಂದು 2007ರಲ್ಲಿ ಘೋಷಣೆಯಾಯಿತು. 2015ರ ಜನವರಿಯಲ್ಲಿ ಅದಕ್ಕೆ ನೆರವೂ ನಿಂತಿತು.

ಭಾರತದ ಕಚೇರಿಗಳಿಗೆ ಈ ಉಪಕರಣಗಳು ಬಂದಾಗ ಎದುರಾದ ತೊಡಕು ಬೇರೆ: ಭಾಷೆ. ಕಾನ್ಪುರದ ಐಐಟಿಯಲ್ಲಿ ಬೇರುಬಿಟ್ಟು ಪುಣೆಯ ಸಿ-ಡ್ಯಾಕ್‌ನಲ್ಲಿ ಬೆಳೆದ 'ಜಿಸ್ಟ್' ಕಾರ್ಡನ್ನು ಪಿಸಿಗೆ ಜೋಡಿಸಿದರೆ ಡಿಬೇಸ್‌ನಲ್ಲೂ ಕನ್ನಡ ಸೇರಿದಂತೆ ಭಾರತೀಯ ಲಿಪಿಗಳಲ್ಲಿ ಬರೆಯಬಹುದಿತ್ತು. ಅದರ ಹಿಂದಿದ್ದ 'ಇಸ್ಕಿ' ಸಂಕೇತ 1991ರಲ್ಲಿ ರಾಷ್ಟ್ರೀಯ ಮಾನಕವಾಯಿತು. ಅದು ಅಕ್ಷರದ ಆಕಾರವನ್ನಲ್ಲ, ಅಕ್ಷರವನ್ನೇ ಸಂಖ್ಯೆಯಾಗಿ ಇಡುತ್ತಿತ್ತು. ಆದ್ದರಿಂದ ಒಮ್ಮೆ ತುಂಬಿದ ಹೆಸರನ್ನು ಕನ್ನಡದಲ್ಲೂ ದೇವನಾಗರಿಯಲ್ಲೂ ತೋರಿಸಬಹುದಿತ್ತು. ನಂತರ ವಿಂಡೋಸ್ ಕಾಲದಲ್ಲಿ ಹಲವರು ಫಾಂಟಿನ ಆಕಾರಗಳನ್ನೇ ತುಂಬಿಟ್ಟರು. ಪರದೆಯಲ್ಲಿ ಅಂದವಾಗಿ ಕಂಡರೂ ಅಕಾರಾದಿಯಾಗಿ ಜೋಡಿಸಲು, ಹುಡುಕಲು ಕಷ್ಟ. ಫಾಂಟ್ ಬದಲಾದರೆ ಹೆಸರುಗಳೆಲ್ಲ ಗೋಜಲು. ಮಾಹಿತಿ ಬೇರೆ, ಅದರ ತೋರಿಕೆ ಬೇರೆ ಎಂಬ ಪಾಠ ಇಲ್ಲಿ ದುಬಾರಿ ಬೆಲೆಗೆ ದೊರೆಯಿತು. ಯೂನಿಕೋಡ್ ಬಂದ ಮೇಲೆ ಈ ತೊಡಕು ಬಹುಮಟ್ಟಿಗೆ ನೀಗಿದೆ.

ಈ ಕಟ್ಟುಪಾಡುಗಳು ಜನಜೀವನವನ್ನು ನೇರವಾಗಿ ಮುಟ್ಟಿದ್ದು ಕರ್ನಾಟಕದ 'ಭೂಮಿ' ಯೋಜನೆಯಲ್ಲಿ. ಈ ಶತಮಾನದ ಆರಂಭದಲ್ಲಿ ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗ್ರಾಮಲೆಕ್ಕಿಗರ ಕೈಬರಹದಿಂದ ತಾಲ್ಲೂಕು ಕಚೇರಿಗಳ ಕಂಪ್ಯೂಟರಿಗೆ ಬಂದವು. ಖಾತೆ ಬದಲಾವಣೆಯ ಅರ್ಜಿಗಳನ್ನು ಮೊದಲು ಬಂದದ್ದಕ್ಕೆ ಮೊದಲ ಸರದಿ ಎಂಬಂತೆ ಪ್ರೋಗ್ರಾಮೇ ಮುಂದಿಡುತ್ತಿತ್ತು. ತಮಗೆ ಬೇಕಾದವರ ಅರ್ಜಿಯನ್ನು ಮೊದಲು ಎತ್ತಿಕೊಳ್ಳುವ ಅವಕಾಶ ಅಧಿಕಾರಿಗೆ ಇರಲಿಲ್ಲ. ಬದಲಾವಣೆ ಮಾಡಿದವರು ಬೆರಳಚ್ಚು ಕೊಡಬೇಕಿದ್ದರಿಂದ 'ನಾನು ಮಾಡಿಲ್ಲ' ಎನ್ನುವಂತಿರಲಿಲ್ಲ. ಲೆಡ್ಜರಿನ ಪಕ್ಕದ ಸಹಿಗೆ ಇದು ಹೊಸ ರೂಪ. ಆದರೂ ಯಂತ್ರಕ್ಕೆ ಒಂದು ಮಿತಿ ಇದೆ. ಹಳೆಯ ಪುಸ್ತಕದಲ್ಲಿ ವಿಸ್ತೀರ್ಣ ತಪ್ಪಿದ್ದರೆ ಕೋಷ್ಟಕದಲ್ಲೂ ಅದೇ ತಪ್ಪು ಅಚ್ಚುಕಟ್ಟಾಗಿ ಕೂರುತ್ತದೆ. ಅದನ್ನು ಸರಿಪಡಿಸಲು ಪಹಣಿ ತಿದ್ದುಪಡಿಗೆಂದು ರೈತರು ಅಲೆಯುವುದು ಇಂದಿಗೂ ತಪ್ಪಿಲ್ಲ.

ಡಿಬೇಸ್‌ನ ವೈಭವ ಇಂದು ಇಲ್ಲ. ಆದರೆ ಅದರ ಕಡತದ ಆರಂಭದಲ್ಲೇ ಯಾವ ಯಾವ ಕಾಲಂ ಇದೆ, ಪ್ರತಿಯೊಂದರ ಅಗಲ ಎಷ್ಟು ಎಂಬ ವಿವರ ಇರುತ್ತಿದ್ದುದರಿಂದ ಯಾವ ಪ್ರೋಗ್ರಾಂ ಬೇಕಾದರೂ ಅದನ್ನು ಓದಬಹುದಾಗಿತ್ತು. ಹೀಗಾಗಿ ಡಿಜಿಟಲ್ ನಕ್ಷೆಗಳ 'ಶೇಪ್‌ಫೈಲ್'ನಲ್ಲಿ ಊರು, ರಸ್ತೆಗಳ ವಿವರ ಈಗಲೂ ಅದೇ ಡಿಬೇಸ್ ರೂಪದ ಕಡತದಲ್ಲಿ ಕುಳಿತಿದೆ. ಮೇಜಿನ ಮಾಹಿತಿ ಕೋಶ ಈಗ ಜೇಬಿಗೂ ಇಳಿದಿದೆ. 2000ದಲ್ಲಿ ರಿಚರ್ಡ್ ಹಿಪ್ ರೂಪಿಸಿ ಯಾರು ಬೇಕಾದರೂ ಬಳಸಿಕೊಳ್ಳಿ ಎಂದು ಬಿಟ್ಟುಕೊಟ್ಟ 'ಎಸ್‌ಕ್ಯೂಲೈಟ್' ಪ್ರತಿ ಸ್ಮಾರ್ಟ್‌ಫೋನಿನಲ್ಲೂ ಇದೆ. ಅದರ ಒಳಗಿರುವುದೂ ಕೋಷ್ಟಕ, ಸೂಚಿ, ಬೀಗ, ವಹಿವಾಟುಗಳೇ. ಪ್ರೋಗ್ರಾಮುಗಳಿಗೆ ಆಯುಸ್ಸು ಕಡಿಮೆ, ದಾಖಲೆಗೆ ಹೆಚ್ಚು. ಒಂದು ಪಹಣಿ ಅದನ್ನು ತುಂಬಿದ ಗುಮಾಸ್ತರಿಗಿಂತಲೂ ಕಂಪನಿಗಿಂತಲೂ ಹೆಚ್ಚು ಕಾಲ ಬಾಳಬೇಕು. ಪ್ರೋಗ್ರಾಂ ಬರೆಯುವವರು ಕೋಷ್ಟಕದ ಮೊದಲ ಗೆರೆ ಎಳೆಯುವಾಗಲೇ ನೆನಪಿಡಬೇಕಾದ ಮಾತು ಇದು.