ಹಲ್ಮಿಡಿಯ ಕಲ್ಲು, ಬೇಲೂರಿನ ಗೋಪುರ ಮತ್ತು ನಮ್ಮ ಕಾಲೇಜು ಮಕ್ಕಳು

ಕನ್ನಡದ ಅತಿ ಹಳೆಯ ಶಾಸನಗಳಲ್ಲಿ ಒಂದು ಸಿಕ್ಕಿದ್ದು ನಮ್ಮ ಬೇಲೂರು ತಾಲ್ಲೂಕಿನ ಹಲ್ಮಿಡಿಯಲ್ಲಿ. 1936ರ ಪುರಾತತ್ವ ವರದಿಯಲ್ಲಿ ಅದನ್ನು ಪ್ರಕಟಿಸಿದವರು ಮೈಸೂರು ವಿಶ್ವವಿದ್ಯಾನಿಲಯದ ಇತಿಹಾಸ ಪ್ರಾಧ್ಯಾಪಕ ಡಾ. ಎಂ.ಎಚ್. ಕೃಷ್ಣ. ಕಾಲ ಕ್ರಿ.ಶ. 450ರ ಸುಮಾರು ಎಂದರು. ಬೇರೆ ವಿದ್ವಾಂಸರು ಒಪ್ಪಲಿಲ್ಲ. ಇನ್ನೂ ಈಚಿನದು ಎಂದು ಕಾರಣ ಕೊಟ್ಟು ವಾದಿಸಿದರು. ಆ ಚರ್ಚೆ ಇನ್ನೂ ಮುಗಿದಿಲ್ಲ.

ವಿಶ್ವವಿದ್ಯಾನಿಲಯ ಕಲಿಸಬೇಕಾದದ್ದು ಹೀಗೆ ಆಧಾರ ಕೇಳುವುದನ್ನು, ಆಧಾರ ಕೊಡುವುದನ್ನು. 1916ರಲ್ಲಿ ಮೈಸೂರು ವಿಶ್ವವಿದ್ಯಾನಿಲಯ ಆರಂಭವಾಗುವ ತನಕ ಈ ಸೀಮೆಯ ಹುಡುಗರು ಮದ್ರಾಸ್ ವಿಶ್ವವಿದ್ಯಾನಿಲಯದ ಪರೀಕ್ಷೆ ಬರೆಯಬೇಕಿತ್ತು. ಇಂದು ನಮ್ಮ ಮನೆಗಳ ಹೆಣ್ಣುಮಕ್ಕಳೂ ಡಿಗ್ರಿ ಓದುತ್ತಿದ್ದಾರೆ, ಅಲ್‌ಹಮ್ದುಲಿಲ್ಲಾಹ್. ಆದರೆ ನಾವು ಕೇಳುವುದು ಅಂಕ ಎಷ್ಟು, ಕೆಲಸ ಯಾವಾಗ ಎಂದು ಮಾತ್ರ. ಗಂಡಿನ ಕಡೆಯವರು ಕೇಳುವುದೂ ಅಷ್ಟೇ!

ಈಗ ಕಷ್ಟದ ವಿಷಯಕ್ಕೆ ಬರೋಣ. ಹಾಸ್ಟೆಲಿನಲ್ಲೋ ವಾಟ್ಸಾಪ್ ಗುಂಪಿನಲ್ಲೋ ಯಾರಾದರೂ, ‘ಬೇಲೂರು, ಹಳೇಬೀಡು ಹಾಳು ಮಾಡಿದವರು ನಿಮ್ಮವರು’ ಎಂದರೆ ನಮ್ಮ ಮಕ್ಕಳು ಒಂದೋ ತಲೆ ತಗ್ಗಿಸುತ್ತಾರೆ, ಇಲ್ಲವೇ ಎಲ್ಲವೂ ಸುಳ್ಳು ಎಂದು ಜಗಳಕ್ಕೆ ನಿಲ್ಲುತ್ತಾರೆ. ಎರಡೂ ಬೇಡ. 1311ರಲ್ಲಿ ಮಲಿಕ್ ಕಾಫೂರನ ದಂಡು ದೋರಸಮುದ್ರಕ್ಕೆ, ಅಂದರೆ ಇಂದಿನ ಹಳೇಬೀಡಿಗೆ ಬಂದು ಅಪಾರ ಸಂಪತ್ತು ಒಯ್ದದ್ದು ನಿಜ. ಬೇಲೂರಿನ 1397ರ ಶಾಸನ, ಕಲಬುರ್ಗಿಯಿಂದ ಬಂದ ಗಂಗ ಸಾಲಾರ ಎಂಬವನು ಚೆನ್ನಕೇಶವನ ಮಹಾದ್ವಾರ ಸುಟ್ಟದ್ದನ್ನೂ ಗುಂಡ ದಂಡನಾಥ ಗೋಪುರವನ್ನು ಮತ್ತೆ ಕಟ್ಟಿಸಿದ್ದನ್ನೂ ಹೇಳುತ್ತದೆ. ಇದನ್ನು ಮುಚ್ಚಿಡುವುದು ನಮಗೆ ಶೋಭೆಯಲ್ಲ.

ಇನ್ನೊಂದು ಪುಟವನ್ನೂ ತೆರೆಯಬೇಕು. ಮೂರನೇ ಬಲ್ಲಾಳನ ಸೈನ್ಯದಲ್ಲಿ ಸುಮಾರು 20,000 ಮುಸ್ಲಿಮರಿದ್ದರೆಂದು ಇಬ್ನ್ ಬತೂತಾ ಬರೆದಿದ್ದಾನೆ. ಅವರನ್ನು ಹೊಗಳಿಲ್ಲ, ಅಪರಾಧಿಗಳು, ಓಡಿಬಂದ ಗುಲಾಮರು ಎಂದು ಹೀಗಳೆದಿದ್ದಾನೆ. ಅವರು ಮದುರೆಯ ಸುಲ್ತಾನನ ವಿರುದ್ಧ ನಿಂತ ಸೈನ್ಯದಲ್ಲಿದ್ದರಲ್ಲವೇ! ಸಂಖ್ಯೆಯನ್ನು ಎಷ್ಟು ನಂಬಬೇಕು ಎಂಬುದು ಬೇರೆ ಮಾತು. ಧರ್ಮ ಒಂದು ಕಡೆ, ದಂಡು ಇನ್ನೊಂದು ಕಡೆ ಇದ್ದ ಕಾಲವದು ಎಂಬುದಂತೂ ತಿಳಿಯುತ್ತದೆ.

ಗೋಪುರ ಸುಟ್ಟ ಸುದ್ದಿಯಿರುವ ಅದೇ ಬೇಲೂರಿನಲ್ಲಿ ರಥೋತ್ಸವದ ವೇಳೆ ಕಾಜಿಯವರು ಕುರ್‌ಆನ್ ಪಠಿಸುವ ಪದ್ಧತಿ ಬಂದಿದೆ. 2022ರಲ್ಲಿ ಆಕ್ಷೇಪ ಎದ್ದಾಗ ಮುಜರಾಯಿ ಇಲಾಖೆ ಸಂಪ್ರದಾಯ ಏನೆಂದು ವಿಚಾರಿಸಿ ಅನುಮತಿ ನೀಡಿತು. ಕೂಗಾಟದ ನಡುವೆ ದಾಖಲೆ ಕೇಳುವವರು ನಾಲ್ಕು ಜನರಾದರೂ ಬೇಕು. ಅವರು ಕಾಲೇಜಿನಿಂದ ಬರದಿದ್ದರೆ ಎಲ್ಲಿಂದ ಬರಬೇಕು?

ಹದೀಸ್ ಸಂಗ್ರಹಿಸಿದ ಹಿರಿಯರು ಯಾರಿಂದ ಕೇಳಿದೆ, ಅವರು ಯಾರಿಂದ ಕೇಳಿದರು ಎಂದು ಸನದ್ ಹಿಡಿದು ವಿಚಾರಿಸಿದರು. ಶಾಸನದ ವಿದ್ವಾಂಸರ ದಾರಿಯೂ ಅದಕ್ಕೆ ಹತ್ತಿರ. ಬಿ.ಎಲ್. ರೈಸ್ 1902ರಲ್ಲಿ ಹಾಸನ ಜಿಲ್ಲೆಯ ಶಾಸನಗಳನ್ನು ಅಚ್ಚು ಹಾಕಿಸಿದಾಗ ತಾಲ್ಲೂಕುವಾರು ಸಂಖ್ಯೆ ಕೊಟ್ಟು, ಕಲ್ಲು ಎಲ್ಲಿದೆ ಎಂಬುದನ್ನೂ ಬರೆದರು. ಅರಸೀಕೆರೆಯ ವಿದ್ಯಾರ್ಥಿನಿ ಪುಸ್ತಕ ಹಿಡಿದು ಶಿವಾಲಯದ ಕಲ್ಲಿನ ಮುಂದೆ ನಿಂತು ತಾಳೆ ನೋಡಬಹುದು; ತಪ್ಪಿದ್ದರೆ ರೈಸರನ್ನೇ ತಿದ್ದಬಹುದು. ಮೈಸೂರಿನ ಕನ್ನಡ ಅಧ್ಯಯನ ಸಂಸ್ಥೆ ಪರಿಷ್ಕೃತ ಸಂಪುಟಗಳನ್ನೂ ತಂದಿದೆ. ನಮ್ಮ ಮಸೀದಿಗಳ ಪುಸ್ತಕದ ಕಪಾಟಿನಲ್ಲಿ ಆಯಾ ತಾಲ್ಲೂಕಿನದು ಒಂದೊಂದು ಪ್ರತಿ ಇಡಿಸಲು ಜಮಾಅತಿನವರು ಈ ವರ್ಷವೇ ಯೋಚಿಸಬಹುದು.