ಎರಡು ಹನಿಗಳ ಹಿಂದಿನ ಚರಿತ್ರೆ

ಮಗುವಿನ ಕಿರುಬೆರಳ ಮೇಲಿನ ಶಾಯಿಯ ಗುರುತು ನಮಗೆಲ್ಲ ಪರಿಚಿತ. ಅದರ ಹಿಂದೆ ದೀರ್ಘವಾದ ಸೋಲಿನ ಅಧ್ಯಾಯವೊಂದಿದೆ ಎಂಬುದನ್ನು ಮಾತ್ರ ನಾವು ಮರೆತಿದ್ದೇವೆ.

ಪೋಲಿಯೊ ವೈರಾಣು ಮಲದಿಂದ ನೀರಿಗೆ, ಕೈಗೆ, ಅಲ್ಲಿಂದ ಮಗುವಿನ ಬಾಯಿಗೆ ಸಾಗುತ್ತದೆ. ಸೋಂಕು ತಗುಲಿದ ಸುಮಾರು 200 ಮಕ್ಕಳಲ್ಲಿ ಒಂದಕ್ಕೆ ಮಾತ್ರ ಅಂಗ ಊನವಾಗುತ್ತದೆ. ಉಳಿದ ಮಕ್ಕಳು ಆಡಿಕೊಂಡೇ ಸೋಂಕನ್ನು ಹಂಚುತ್ತಾರೆ. ಶೀತವಲಯದ ಸಿರಿವಂತ ದೇಶಗಳಲ್ಲಿ ಬಾಯಿ ಲಸಿಕೆಯ ಮೂರು ಸುತ್ತುಗಳು ಬಹುಮಟ್ಟಿಗೆ ಸಾಕಾದವು, ನಮ್ಮಲ್ಲಿ ಸಾಲಲಿಲ್ಲ. ವೆಲ್ಲೂರಿನ ಡಾ. ಟಿ. ಜೇಕಬ್ ಜಾನ್ 1970ರ ದಶಕದಲ್ಲೇ ಇದನ್ನು ತೋರಿಸಿಕೊಟ್ಟಿದ್ದರು. ಉಷ್ಣವಲಯದ ಮಕ್ಕಳ ಕರುಳಿನಲ್ಲಿ ಮೊದಲೇ ಬೀಡುಬಿಟ್ಟ ಇತರ ವೈರಾಣುಗಳೂ ಮರಳಿ ಮರಳಿ ಬರುವ ಅತಿಸಾರವೂ ಲಸಿಕೆಯ ದುರ್ಬಲ ವೈರಾಣುವಿಗೆ ನೆಲೆಯೂರಲು ಎಡೆಗೊಡುತ್ತಿರಲಿಲ್ಲ.

ಆದ್ದರಿಂದಲೇ ಎಲ್ಲ ಮಕ್ಕಳಿಗೂ ಒಂದೇ ದಿನ, ಮತ್ತೆ ಮತ್ತೆ ಹನಿ ಹಾಕುವ ಕ್ರಮ ಬಂತು: 1994ರ ಗಾಂಧಿ ಜಯಂತಿಯಂದು ದೆಹಲಿಯಲ್ಲಿ, ಮರುವರ್ಷ ದೇಶದಾದ್ಯಂತ. ಆದರೂ 2009ರಲ್ಲಿ 741 ಮಕ್ಕಳು ಈ ರೋಗಕ್ಕೆ ತುತ್ತಾದರು. ಹೆಚ್ಚಿನವರು ಉತ್ತರ ಪ್ರದೇಶ, ಬಿಹಾರಗಳವರು. ಕೊನೆಯ ಪ್ರಕರಣ ಹೌರಾ ಜಿಲ್ಲೆಯ ಹೆಣ್ಣುಮಗುವಿನದು. ರೋಗ ಕಾಣಿಸಿಕೊಂಡದ್ದು 2011ರ ಜನವರಿ 13ರಂದು. 2014ರ ಮಾರ್ಚ್ 27ರಂದು ನಮ್ಮ ವಲಯ ಪೋಲಿಯೊಮುಕ್ತವೆಂದು ಘೋಷಿತವಾಯಿತು.

ಹಲವು ಬಾರಿ ಹನಿ ಹಾಕಿಸಿಕೊಂಡೂ ಕಾಲಿನ ಬಲ ಕಳೆದುಕೊಂಡ ಮಕ್ಕಳಿದ್ದರು. ಅಂಥವರ ತಾಯಂದಿರನ್ನು ಅಲಕ್ಷ್ಯಗಾರರೆಂದು ಜರೆದವರಲ್ಲಿ ನಾವೂ ಇದ್ದೆವು. ಅವರು ತಪ್ಪದೆ ಸಾಲಿನಲ್ಲಿ ನಿಂತಿದ್ದರು. ಶುದ್ಧವಾದ ನೀರು ಮಾತ್ರ ಅವರ ಮನೆಬಾಗಿಲಿಗೆ ಬಂದಿರಲಿಲ್ಲ.