ಗುಡ್ಡದ ಭೂತ ಬಯಲುಸೀಮೆಗೆ ಬಂದದ್ದು: ಒಂದು ಕಿರು ಧಾರಾವಾಹಿಯ ನೆನಪಿನ ಚರಿತ್ರೆ

ಹುಬ್ಬಳ್ಳಿ–ಧಾರವಾಡದ ಲಕಮನಹಳ್ಳಿ ಈಗ ಕೈಗಾರಿಕಾ ಪ್ರದೇಶವೆಂದೇ ಹೆಸರುವಾಸಿ. ಇಲ್ಲಿಯ ಓಣಿಗಳಲ್ಲಿ ಐವತ್ತರ ಆಸುಪಾಸಿನವರ ಮಾತು ಹಳೆಯ ದೂರದರ್ಶನದ ಕಡೆ ಹೊರಳಿದಾಗ ‘ಗುಡ್ಡದ ಭೂತ’ದ ಹೆಸರು ಬರುವುದುಂಟು. 1990ರ ಸುಮಾರಿಗೆ ಪ್ರಸಾರವಾದ ಈ ಧಾರಾವಾಹಿ ಕೆಲವೇ ವಾರಗಳಲ್ಲಿ ಮುಗಿದುಹೋಯಿತು. ಅದರ ನೆಲ ಕರಾವಳಿಯದು, ಮೂಲ ತುಳು ನಾಟಕದ್ದು. ಇಷ್ಟಿದ್ದೂ ಅದು ಬಯಲುಸೀಮೆಯವರ ಮನಸ್ಸಿನಲ್ಲಿ ಏಕೆ ನಿಂತಿತು?

ಉತ್ತರ ಹುಡುಕಲು ಮೊದಲು ಟಿ.ವಿ. ನಮ್ಮಲ್ಲಿಗೆ ಬಂದ ದಾರಿ ನೋಡಬೇಕು. 1975ರ ಆಗಸ್ಟ್‌ನಿಂದ ಒಂದು ವರ್ಷ ನಡೆದ ಉಪಗ್ರಹ ಶಿಕ್ಷಣ ಪ್ರಯೋಗ ದೇಶದ ಆರು ರಾಜ್ಯಗಳ ಸುಮಾರು 2,400 ಹಳ್ಳಿಗಳನ್ನು ತಲುಪಿತು. ಕರ್ನಾಟಕದಲ್ಲಿ ಆ ಅವಕಾಶ ಸಿಕ್ಕಿದ್ದು ವಿಜಯಪುರ, ಕಲಬುರಗಿ, ರಾಯಚೂರು ಜಿಲ್ಲೆಗಳಿಗೆ; ಧಾರವಾಡ ಹೊರಗುಳಿಯಿತು. ಬೆಂಗಳೂರು ಕೇಂದ್ರ ಆರಂಭವಾದದ್ದು 1981ರ ನವೆಂಬರ್ 1ರಂದು. 1984ರಲ್ಲಿ ‘ಹಮ್ ಲೋಗ್’ ಬಂದ ಮೇಲೆ ಪ್ರಾಯೋಜಿತ ಧಾರಾವಾಹಿಗಳ ಕಾಲ ಶುರುವಾಯಿತು. ಆಗಿನ ದೂರದರ್ಶನ ಸಾಮಾನ್ಯವಾಗಿ 13 ಕಂತುಗಳ ಲೆಕ್ಕದಲ್ಲಿ ಒಪ್ಪಿಗೆ ಕೊಡುತ್ತಿತ್ತು, ಅಂದರೆ ವರ್ಷದ ಕಾಲುಭಾಗ. ಶಂಕರ್ ನಾಗ್ ಆಗುಂಬೆಯಲ್ಲಿ ಚಿತ್ರಿಸಿದ ‘ಮಾಲ್ಗುಡಿ ಡೇಸ್’ನ 39 ಕಂತುಗಳೂ ಇದೇ ಲೆಕ್ಕಕ್ಕೆ ಕೂಡುತ್ತವೆ. ಈ ಕಟ್ಟುಪಾಡು ಕಥೆಗಾರರಿಗೆ ಒಳ್ಳೆಯದನ್ನೇ ಮಾಡಿತೆಂದು ನನ್ನ ನಂಬಿಕೆ. ರಹಸ್ಯಕಥೆ ಬೇಗ ಬಿಚ್ಚಿಕೊಳ್ಳಬೇಕು. ಎಳೆದರೆ ನೋಡುಗರ ಕುತೂಹಲ ಸೋರಿಹೋಗುತ್ತದೆ.

‘ಗುಡ್ಡದ ಭೂತ’ವನ್ನು ನಿರ್ದೇಶಿಸಿದವರು ಮೂಲ್ಕಿಯ ಸದಾನಂದ ಸುವರ್ಣ. ಮುಂಬಯಿಯಲ್ಲಿ ಬಹುಕಾಲ ನೆಲೆಸಿ ಅಲ್ಲಿಯ ಕನ್ನಡ, ತುಳು ರಂಗಭೂಮಿಯಲ್ಲಿ ದುಡಿದವರು ಅವರು. ಯು.ಆರ್. ಅನಂತಮೂರ್ತಿಯವರ ಕಥೆಯನ್ನು ಆಧರಿಸಿ ಗಿರೀಶ ಕಾಸರವಳ್ಳಿ ನಿರ್ದೇಶಿಸಿದ ‘ಘಟಶ್ರಾದ್ಧ’ಕ್ಕೆ ಅವರೇ ನಿರ್ಮಾಪಕರು; ಆ ಚಿತ್ರಕ್ಕೆ ಸ್ವರ್ಣಕಮಲ ಸಂದಿತು. ಮುಂದೆ ಪೂರ್ಣಚಂದ್ರ ತೇಜಸ್ವಿಯವರ ‘ಕುಬಿ ಮತ್ತು ಇಯಾಲ’ ಕಥೆಯನ್ನು ಅವರು ತೆರೆಗೆ ತಂದರು. ಒಬ್ಬ ವೈದ್ಯ ಹಳ್ಳಿಗೆ ಬಂದು, ಒಂದು ಹೆಣ್ಣುಜೀವದ ಸಾವಿನ ಸುತ್ತ ಹಬ್ಬಿದ ಮೌನವನ್ನು ಕೆದಕುವ ಕಥೆಯದು. ಧಾರಾವಾಹಿಯನ್ನು ಈ ಎರಡು ಚಿತ್ರಗಳ ನಡುವೆ ಇಟ್ಟು ನೋಡಿದರೆ ಸುವರ್ಣರ ಆಸಕ್ತಿ ಎಲ್ಲಿತ್ತೆಂಬುದು ತಿಳಿಯುತ್ತದೆ. ಊರೆಂಬ ಊರು ಯಾವುದಕ್ಕೋ ಅಂಜಿ ಬಾಯಿ ಮುಚ್ಚಿಕೊಂಡಿರುತ್ತದೆ. ಆ ಅಂಜಿಕೆಯ ಬೇರು ಎಲ್ಲಿದೆ ಎಂದು ಅವರು ಕೇಳುತ್ತಾರೆ. ಗುಡ್ಡದ ಮೇಲೆ ಭೂತವಿದೆಯೆಂಬ ಭಯವೇ ಈ ಕಥೆಯ ಚಾಲಕ ಶಕ್ತಿ. ಹಾಗಾಗಿ ಕಣ್ಣಿಗೆ ಬೀಳದ ಆ ಭೂತವನ್ನೇ ಧಾರಾವಾಹಿಯ ನಾಯಕನೆನ್ನುವುದು ತಪ್ಪಾಗದು.

ತುಳುನಾಡಿನವರಿಗೆ ಭೂತ ಬರಿಯ ಹೆದರಿಕೆಯ ವಸ್ತುವಲ್ಲ. ಕೋಲದಲ್ಲಿ ಬಂದು ನುಡಿ ಕೊಡುವ, ವ್ಯಾಜ್ಯ ತೀರಿಸುವ ದೈವವದು. ಧಾರವಾಡದ ಕಡೆಯ ಪ್ರೇಕ್ಷಕರಿಗೆ ಆ ಲೋಕ ಹೊಸದು. ಆದರೆ ರಹಸ್ಯದ ರುಚಿ ಅವರಿಗೆ ಮೊದಲೇ ಹತ್ತಿತ್ತು. ಎನ್. ನರಸಿಂಹಯ್ಯನವರ ಪತ್ತೇದಾರ ಪುರುಷೋತ್ತಮನನ್ನು ಬಾಡಿಗೆ ಪುಸ್ತಕದಂಗಡಿಗಳಿಂದ ತಂದು ಓದಿದ ತಲೆಮಾರು ಅದು. ನಾಡಿಗೆ ಹಳದಿ–ಕೆಂಪು ಬಾವುಟ ಕೊಟ್ಟ ಮ. ರಾಮಮೂರ್ತಿಯವರೂ ಪತ್ತೇದಾರಿ ಕಾದಂಬರಿಕಾರರೇ. ಇದಕ್ಕಿಂತ ದೊಡ್ಡ ಕಾರಣ ಧಾರವಾಡ ಆಕಾಶವಾಣಿ. 1950ರ ಜನವರಿ 8ರಿಂದ ಈ ಭಾಗದ ಕಿವಿಯನ್ನು ಹದಗೊಳಿಸಿದ್ದು ಆ ಕೇಂದ್ರ. ಎನ್ಕೆ ಕುಲಕರ್ಣಿಯವರಂಥವರು ದುಡಿದ ಅಲ್ಲಿಂದ ಬಾನುಲಿ ನಾಟಕ ಕೇಳಿ ಬೆಳೆದವರಿಗೆ, ಕಾಣದ ಪಾತ್ರವನ್ನು ದನಿಯಿಂದಲೇ ಕಟ್ಟಿಕೊಳ್ಳುವುದು ರೂಢಿಯಾಗಿತ್ತು. ಪರದೆಯ ಮೇಲೆ ಚುಕ್ಕಿ ಸುರಿದು ಚಿತ್ರ ಮಸುಕಾದರೂ ದನಿ ಕೇಳಿಸಿದರೆ ಅವರಿಗೆ ಕಥೆ ಕೈತಪ್ಪುತ್ತಿರಲಿಲ್ಲ.

ಆದ್ದರಿಂದಲೇ ಕಥೆಗಿಂತ ಶೀರ್ಷಿಕೆ ಗೀತೆ ಹೆಚ್ಚು ಉಳಿಯಿತು. ಆ ಗೀತೆಯಲ್ಲಿ ಕೇಳುವ ‘ಡೆನ್ನಾನ’ ಎಂಬುದು ತುಳು ಜನಪದ ಹಾಡುಗಳಲ್ಲಿ ಮತ್ತೆ ಮತ್ತೆ ಬರುವ ಸೊಲ್ಲು. ತುಳು ತಿಳಿಯದವರ ನಾಲಿಗೆಗೂ ಅದು ಸಲೀಸಾಗಿ ಹತ್ತಿತು. ಪಾತ್ರಗಳ ಹೆಸರು ಮರೆತವರಿಗೂ ಆ ಧಾಟಿ ನೆನಪಿದೆ. ನೆನಪು ಖಾಸಗಿಯಾಗಿ ಉಳಿಯಲಿಲ್ಲವೆಂಬುದಕ್ಕೆ 2015ರಲ್ಲಿ ತೆರೆಕಂಡ, ಅನೂಪ್ ಭಂಡಾರಿಯವರ ‘ರಂಗಿತರಂಗ’ವೇ ಸಾಕ್ಷಿ. ಕರಾವಳಿಯ ಊರು, ಭಯ, ಶೋಧ ಇವುಗಳ ಮೇಲೆ ಕಟ್ಟಿದ ಆ ಚಿತ್ರದಲ್ಲಿ ‘ಡೆನ್ನಾನ’ ಮತ್ತೆ ಮೊಳಗಿತು. ಧಾರಾವಾಹಿ ಬಂದಾಗ ಹುಟ್ಟಿರದ ಮಕ್ಕಳೂ ಅದನ್ನು ಹಾಡಿದರು. ಧಾರಾವಾಹಿಯಲ್ಲಿ ನಟಿಸಿದ ಪ್ರಕಾಶ್ ರೈ ಅಷ್ಟರಲ್ಲಿ ದಕ್ಷಿಣದ ಇತರ ಭಾಷೆಗಳಲ್ಲಿ ಪ್ರಕಾಶ್ ರಾಜ್ ಎಂದು ಹೆಸರಾಗಿದ್ದರು. ‘ಬಿಸಿಲು ಕುದುರೆ’ ಮತ್ತು ‘ಗುಡ್ಡದ ಭೂತ’ ಅವರ ಕಿರುತೆರೆಯ ಮೊದಲ ಮೆಟ್ಟಿಲುಗಳು.

ಇನ್ನೊಂದು ಸಂಗತಿ ನನ್ನನ್ನು ಕಾಡುತ್ತದೆ. 2024ರ ಜುಲೈನಲ್ಲಿ ಸುವರ್ಣರು ತಮ್ಮ 92ನೆಯ ವಯಸ್ಸಿನಲ್ಲಿ ತೀರಿಕೊಂಡರು. ಅದೇ ವರ್ಷ, ಪುನರುಜ್ಜೀವನಗೊಂಡ ‘ಘಟಶ್ರಾದ್ಧ’ ವೆನಿಸ್ ಚಿತ್ರೋತ್ಸವದ ಶ್ರೇಷ್ಠಕೃತಿಗಳ ವಿಭಾಗದಲ್ಲಿ ಪ್ರದರ್ಶನಗೊಂಡಿತು. ಸಿನಿಮಾಕ್ಕೆ ಸಿಕ್ಕ ಈ ಆರೈಕೆ ಕಿರುತೆರೆಗೂ ಸಿಗಬೇಡವೇ? 2020ರ ಲಾಕ್‌ಡೌನ್ ದಿನಗಳಲ್ಲಿ ದೂರದರ್ಶನ ‘ರಾಮಾಯಣ’, ‘ಬ್ಯೋಮಕೇಶ್ ಬಕ್ಷಿ’ಗಳನ್ನು ಮರುಪ್ರಸಾರ ಮಾಡಿದಾಗ ದೇಶವೇ ಕೂತು ನೋಡಿತು. ಕನ್ನಡದ ಕಿರು ಧಾರಾವಾಹಿಗಳನ್ನೂ ತಂತ್ರಜ್ಞರ, ಕಲಾವಿದರ ಪೂರ್ಣ ವಿವರಗಳೊಂದಿಗೆ ಬೆಂಗಳೂರು ದೂರದರ್ಶನ ಹೊರತರಬೇಕು. ಧಾರವಾಡದಲ್ಲಿ ಕರ್ನಾಟಕ ವಿಶ್ವವಿದ್ಯಾಲಯವಿದೆ, 1890ರಿಂದ ಕನ್ನಡದ ಕೆಲಸ ನಡೆಸಿಕೊಂಡು ಬಂದ ವಿದ್ಯಾವರ್ಧಕ ಸಂಘವಿದೆ. ನೋಡುಗರ ನೆನಪುಗಳನ್ನು ದಾಖಲಿಸುವ ಕೆಲಸವನ್ನು ಇವು ಕೈಗೆತ್ತಿಕೊಳ್ಳಬಹುದು. ಆ ಕಾಲದ ಕ್ಯಾಸೆಟ್ಟು, ಪತ್ರಿಕೆಯ ತುಣುಕು, ದಿನಚರಿ ಯಾರ ಅಟ್ಟದ ಮೇಲಾದರೂ ಇದ್ದರೆ, ದಯವಿಟ್ಟು ರದ್ದಿಗೆ ಹಾಕಬೇಡಿ.